ಪ್ರತಿಕ್ರಿಯೆ: ಚೌಬಾರಾ ರಸ್ತೆಗೆ 9 ಮೀಟರ್ ಸಾಕಾಗುತ್ತದೆಯೇ?

ಬೀದರಿನ ಹಳೆ ಊರಿನ ಕಾವಲು ಗೋಪುರವಾದ ಚೌಬಾರಾದಿಂದ ಮಹಮೂದ್ ಗವಾನ್ ಮದರಸಾ ಕಡೆಗಿನ 9 ಮೀಟರ್ ರಸ್ತೆಯಲ್ಲಿ ಎರಡೂ ಬದಿ ಫುಟ್‌ಪಾತ್, ಎರಡು ದಿಕ್ಕಿನ ಸಂಚಾರ, ಪಾರ್ಕಿಂಗ್ ಮೂರೂ ಹಿಡಿಯುತ್ತವೆಯೇ ಎಂದು ಕೇಳಿದ್ದೀರಿ. ಹಿಡಿಯೋದಿಲ್ರೀ. ಒನ್‌ವೇ ಮಾಡಿದರೆ ಮಾತ್ರ ಲೆಕ್ಕ ಕೂಡುತ್ತದೆ: ಗಾಡಿಗೆ 3.5 ಮೀಟರ್, ಎರಡೂ ಕಡೆ ಫುಟ್‌ಪಾತಿಗೆ ತಲಾ 2.5, ಉಳಿದ ಅರ್ಧ ಮೀಟರ್ ಅಂಗಡಿ ಮೆಟ್ಟಿಲಿಗೆ. ಪಾರ್ಕಿಂಗ್ ಈ ರಸ್ತೆಯಿಂದ ಹೊರಗೇ ಇರಲಿ. ಸರಕು ಇಳಿಸಲು ಬೆಳಗಿನ ಹೊತ್ತು ಗೊತ್ತುಮಾಡಿ.

ಎಲ್ಲಕ್ಕಿಂತ ಹೆಚ್ಚು ಕೆಡುವುದು ಮಟ್ಟ. ಹಳೆ ಡಾಂಬರು ಕೆರೆದು ತೆಗೆಯದೆ ಪ್ರತಿ ಸಲ ಮೇಲೆ ಮೇಲೆ ಹಾಕುತ್ತಾ ಹೋದರೆ ರಸ್ತೆ ಏರಿ, ಮಳೆನೀರು ಅಂಗಡಿಯೊಳಗೆ ನುಗ್ಗುತ್ತದೆ. ಹಾಗಾಗಿ ಮೊದಲು ಪ್ರತಿ ಹೊಸ್ತಿಲಿನ ಮಟ್ಟ ಬರೆದುಕೊಳ್ಳಿ. ಫುಟ್‌ಪಾತ್ ಅದಕ್ಕಿಂತ ಕೆಳಗಿರಲಿ, ರಸ್ತೆ ಫುಟ್‌ಪಾತಿಗಿಂತ ಹೆಚ್ಚೆಂದರೆ 150 ಮಿಲಿಮೀಟರ್ ಕೆಳಗೆ. ಫುಟ್‌ಪಾತಿನಿಂದ ರಸ್ತೆಗೆ ಇಳಿಯುವಲ್ಲಿ ಇಳಿಜಾರು 1:12, ಅಂದರೆ ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ. ಚರಂಡಿ ಫುಟ್‌ಪಾತಿನ ಅಡಿಯಲ್ಲೇ ಹೋಗಲಿ, ಆದರೆ ಮುಚ್ಚಳ ಎತ್ತಲು ಬರಬೇಕು. ಸಿಮೆಂಟಿನಿಂದ ಬಿಗಿದುಬಿಟ್ಟರೆ ಹೂಳು ತೆಗೆಯುವವರು ಕಲ್ಲನ್ನೇ ಒಡೆಯುತ್ತಾರೆ.

ಫುಟ್‌ಪಾತಿಗೆ ಹಾಸಲು ಶಹಾಬಾದ್ ಕಲ್ಲು ಹತ್ತಿರವೇ ಸಿಗುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಪಾಲಿಶ್ ಮಾಡಿದ್ದು ಮಾತ್ರ ಬೇಡ, ಒದ್ದೆಯಾದರೆ ಜಾರುತ್ತದೆ. ಗಾಡಿ ಹತ್ತುವ ಕಡೆ ತೆಳು ಹಾಸುಗಲ್ಲು ಸೀಳುವುದರಿಂದ ಅಲ್ಲಿ ಕಾಂಕ್ರೀಟೇ ಸರಿ. ವಾಹನ ಫುಟ್‌ಪಾತಿಗೆ ನುಗ್ಗದಂತೆ ನೆಡುವ ಗೂಟಗಳ ನಡುವೆ 1.2 ಮೀಟರ್ ಬಿಡಿ: ಗಾಲಿಕುರ್ಚಿ ದಾಟುತ್ತದೆ, ಆಟೊ ದಾಟದು.

ತಳ್ಳುಗಾಡಿಯವರನ್ನು ಎಬ್ಬಿಸಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ಜಾಗ ಗುರುತಿಸಿ ನಕ್ಷೆಯಲ್ಲೇ ತೋರಿಸಿ. ಮದರಸಾ ಸಂರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ಹೊಸ ನಿರ್ಮಾಣಕ್ಕೆ ನಿಷೇಧಿತ ವಲಯ. ಟೆಂಡರಿಗೆ ಮುಂಚೆಯೇ ಕೇಂದ್ರದ ಪುರಾತತ್ವ ಇಲಾಖೆಗೆ (ಎಎಸ್‌ಐ) ನಕ್ಷೆ ಕೊಡಿ.