ಹಿರಿಯರಿಗೆ ರಂಗ ಕಾರ್ಯಾಗಾರ: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ಹವ್ಯಾಸಿ ನಾಟಕ ತಂಡದಲ್ಲಿ ಕೆಲಸ ಮಾಡಿ ಗೊತ್ತು. ಅರವತ್ತೈದು ದಾಟಿದವರಿಗೆ ಒಂದು ಕಾರ್ಯಾಗಾರ ನಡೆಸಬೇಕೆಂದಿದ್ದೇನೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಎಷ್ಟು ಜನ, ಎಷ್ಟು ಹೊತ್ತು, ಮೊದಲ ದಿನ ಏನು?

ಉತ್ತರ: ಪ್ರಯೋಜನವಿದೆ. ಅಮೆರಿಕದ ಹೆಲ್ಗಾ ನಾಯ್ಸ್, ಟೋನಿ ನಾಯ್ಸ್ ಮತ್ತು ಅವರ ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60ರಿಂದ 86 ವರ್ಷದ 124 ಮಂದಿ ಇದ್ದರು. ಒಂದು ಗುಂಪಿಗೆ ನಾಲ್ಕು ವಾರ ನಟನೆ, ಇನ್ನೊಂದಕ್ಕೆ ದೃಶ್ಯಕಲೆ, ಮೂರನೆಯದಕ್ಕೆ ಏನೂ ಇಲ್ಲ. ಏನೂ ಇಲ್ಲದವರಿಗೆ ಹೋಲಿಸಿದರೆ ನಟನೆ ಕಲಿತವರು ಪದಗಳನ್ನು ನೆನಪಿಟ್ಟುಕೊಳ್ಳುವುದರಲ್ಲೂ ಸಮಸ್ಯೆ ಬಿಡಿಸುವುದರಲ್ಲೂ ಸುಧಾರಿಸಿದರು, ಮನಸ್ಸಿನ ನೆಮ್ಮದಿಯ ಅಳತೆಯಲ್ಲೂ ಮೇಲಕ್ಕೇರಿದರು.

ಗುಂಪಿನಲ್ಲಿ ಎಂಟರಿಂದ ಹನ್ನೆರಡು ಮಂದಿ ಸಾಕು. ಹದಿನೈದಾದರೆ ಸರದಿಗೆ ಕಾಯುವ ಹೊತ್ತೇ ಹೆಚ್ಚಾಗಿ, ಕೊನೆಯ ಕುರ್ಚಿಯಲ್ಲಿರುವವರು ಬರೀ ಪ್ರೇಕ್ಷಕರಾಗುತ್ತಾರೆ. ವಾರಕ್ಕೆರಡು ಸಲ, ಒಂದೂವರೆ ಗಂಟೆ, ನಡುವೆ ಹದಿನೈದು ನಿಮಿಷ ವಿರಾಮ. ಈ ವಿರಾಮವನ್ನು ಎಂದಿಗೂ ಕತ್ತರಿಸಬೇಡಿ. ಪರಸ್ಪರ ಪರಿಚಯ ಗಟ್ಟಿಯಾಗುವುದೇ ಅಲ್ಲಿ. ಸಹಾಯಕ್ಕೆ ಇನ್ನೊಬ್ಬರು ಇರಲೇಬೇಕು.

ಕೋಣೆಯ ವಿಷಯದಲ್ಲಿ ತಪ್ಪುವುದು ಹೆಚ್ಚಾಗಿ ಬೆಳಕು ಮತ್ತು ಸದ್ದು. ಕಿಟಕಿಗೆ ಬೆನ್ನು ಹಾಕಿ ನೀವು ನಿಂತರೆ ನಿಮ್ಮ ಮುಖ ಕತ್ತಲಾಗುತ್ತದೆ. ಕಿವಿ ಮಂದವಾದವರು ತುಟಿ ನೋಡಿ ಅರ್ಧ ಮಾತು ಹಿಡಿಯುತ್ತಾರೆ, ಅದೂ ತಪ್ಪಿಹೋಗುತ್ತದೆ. ಫ್ಯಾನಿನ ಸದ್ದು, ಖಾಲಿ ಹಾಲ್‌ನ ಪ್ರತಿಧ್ವನಿ ಶ್ರವಣ ಸಾಧನದಲ್ಲಿ ಇನ್ನಷ್ಟು ದೊಡ್ಡದಾಗುತ್ತವೆ. ಆದ್ದರಿಂದ ಚಿಕ್ಕ ಕೋಣೆ, ಪರದೆಯಿರುವ ಕಿಟಕಿ ಒಳ್ಳೆಯದು. ಕುರ್ಚಿಗೆ ಕೈ ಇರಲಿ, ಚಕ್ರ ಬೇಡ. ನೆಲದಲ್ಲಿ ಮಡಿಚಿದ ಜಮಖಾನೆ, ವೈರು ಇರಬಾರದು.

ಮೊದಲ ದಿನ ಕೂತಲ್ಲೇ ಎಲ್ಲ ಆಗಲಿ. ಐದು ನಿಮಿಷ ಭುಜ, ಮಣಿಕಟ್ಟು, ಪಾದಗಳ ಚಲನೆ. ಕುತ್ತಿಗೆಯನ್ನು ಸುತ್ತಿಸುವುದು ಬೇಡ, ಎಡಕ್ಕೆ ಬಲಕ್ಕೆ ತಿರುಗಿಸಿದರೆ ಸಾಕು. ದೀರ್ಘ ಉಸಿರು ಮೂರೋ ನಾಲ್ಕೋ ಸಲ ಮಾತ್ರ, ಹೆಚ್ಚಾದರೆ ತಲೆ ಹಗುರಾಗುತ್ತದೆ. ಕೂತವರು ಒಮ್ಮೆಲೇ ಎದ್ದರೆ ರಕ್ತದೊತ್ತಡ ಇಳಿದು ತಲೆ ಸುತ್ತಬಹುದು. ಮುಂದೆ ಸರಿದು ಕೂತು, ಪಾದ ಊರಿ, ಒಂದು ನಿಮಿಷ ಬಿಟ್ಟು ಏಳುವ ಅಭ್ಯಾಸವನ್ನೇ ಆಟದ ಭಾಗ ಮಾಡಿ.

ನಂತರ ಕಾಲ್ಪನಿಕ ಚೆಂಡು. ನಿಜವಾದ ಚೆಂಡಾದರೆ ಹಿಡಿಯಲು ಬಾಗಿ ಬೀಳುವ ಅಪಾಯವಿದೆ. ಎದುರಿನವರ ಹೆಸರು ಹೇಳಿ, ಕಣ್ಣಲ್ಲಿ ಕಣ್ಣಿಟ್ಟು ಎಸೆಯಬೇಕು, ಹಿಡಿದವರು ಅದರ ತೂಕ ತೋರಿಸಬೇಕು. ಎರಡು ಸುತ್ತಾದ ಮೇಲೆ ಚೆಂಡು ಬಿಸಿ ಪಾತ್ರೆಯಾಗಲಿ, ಮಲಗಿದ ಮಗುವಾಗಲಿ. ಕೊಡುವವರ ಕೈ ತಾನಾಗಿ ನಿಧಾನವಾಗುವುದನ್ನು, ತೆಗೆದುಕೊಳ್ಳುವವರು ಮೈ ಮುಂದೆ ತರುವುದನ್ನು ಗಮನಿಸಿ. ನಟನೆ ಅಲ್ಲಿಂದಲೇ ಶುರುವಾಗಿರುತ್ತದೆ.

ಪ್ರಶ್ನೆ: ನಮ್ಮ ಗುಂಪಿನವರು "ಈ ವಯಸ್ಸಲ್ಲಿ ಮಾತು ಬಾಯಿಪಾಠ ಮಾಡೋಕಾಗಲ್ಲ" ಎಂದು ಹಿಂದೆ ಸರಿಯುತ್ತಾರೆ. ಏನು ಮಾಡಲಿ?

ಉತ್ತರ: ಬಾಯಿಪಾಠ ಮಾಡಿಸಲೇಬೇಡಿ. ಅನುಭವಿ ನಟರು ಸಾಮಾನ್ಯವಾಗಿ ಮಾತನ್ನು ಉರುಹೊಡೆಯುವುದಿಲ್ಲ. ಈ ಮಾತಿನಿಂದ ಈ ಪಾತ್ರಕ್ಕೆ ಎದುರಿನವರಿಂದ ಏನು ಬೇಕು ಎಂದು ಹುಡುಕುತ್ತಾರೆ, ಮಾತು ಅದರ ಬೆನ್ನಿಗೇ ಬರುತ್ತದೆ. ನಾಯ್ಸ್ ದಂಪತಿ ನಟರ ನೆನಪನ್ನು ಬಹುಕಾಲ ಅಧ್ಯಯನ ಮಾಡಿ ಕಂಡುಕೊಂಡದ್ದೂ ಇದನ್ನೇ. ಚಲನೆಯ ಜತೆ ಆಡಿದ ಮಾತು ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ಕೂರುತ್ತದೆ ಎಂಬುದನ್ನೂ ಅವರು ತೋರಿಸಿದ್ದಾರೆ.

ಹತ್ತು ಹನ್ನೆರಡು ಮಾತುಗಳ ಒಂದು ಸಣ್ಣ ದೃಶ್ಯ ತೆಗೆದುಕೊಳ್ಳಿ. ಅಣ್ಣ ಮನೆ ಬಿಟ್ಟು ಹೊರಟಿದ್ದಾನೆ, ತಂಗಿ "ಮಳೆ ಬರೋ ಹಾಗಿದೆ" ಎನ್ನುತ್ತಾಳೆ. ಅವಳಿಗೆ ಬೇಕಾದದ್ದೇನು? ಅವನನ್ನು ತಡೆಯಬೇಕೇ, ಕೊಡೆ ನೆನಪಿಸಬೇಕೇ, ಅಥವಾ ಅಳು ಬಾರದಂತೆ ಮಾತು ಬದಲಿಸಬೇಕೇ? ಕಾಗದ ಕೈಯಲ್ಲೇ ಇರಲಿ. ಮೂರು ಉದ್ದೇಶಕ್ಕೆ ಮೂರು ಸಲ ಆಡಿಸಿ, ಪ್ರತಿ ಸಲ ಕೈಗೊಂದು ಕೆಲಸ ಕೊಡಿ: ಬಾಗಿಲಿನತ್ತ ನೋಡುವುದು, ಚೀಲ ಹಿಡಿಯುವುದು. ಎರಡು ಮೂರು ದಿನ ಹೀಗೆ ಆಡಿದ ಮೇಲೆ ಎಷ್ಟೋ ಜನ ತಾವೇ ಕಾಗದ ಕೆಳಗಿಡುತ್ತಾರೆ. ಇಡದವರ ಕೈಯಿಂದ ಕಿತ್ತುಕೊಳ್ಳಬೇಡಿ.

ಕಾಗದದಲ್ಲಿ 18 ಪಾಯಿಂಟ್‌ಗಿಂತ ಚಿಕ್ಕ ಅಕ್ಷರ ಬೇಡ. ಸಾಲಿನ ನಡುವೆ ಎರಡರಷ್ಟು ಜಾಗ ಬಿಡಿ, ಹೊಳೆಯದ ಕಾಗದದ ಒಂದೇ ಬದಿಯಲ್ಲಿ ಅಚ್ಚಾಗಲಿ. ಮಾತು ತಪ್ಪಿದವರಿಗೆ ತಕ್ಷಣ ಹೇಳಿಕೊಡುವುದು ಹೊಸ ನಿರ್ದೇಶಕರ ಚಾಳಿ. ಮನಸ್ಸಿನಲ್ಲೇ ಹತ್ತು ಎಣಿಸಿ. ವಯಸ್ಸಾದಂತೆ ಪದ ಹುಡುಕಲು ಸಮಯ ಬೇಕಾಗುತ್ತದೆ, ಪದ ಮಾತ್ರ ಸಾಮಾನ್ಯವಾಗಿ ಒಳಗೇ ಇರುತ್ತದೆ. ಅವರ ಬದಲು ನೀವು ಹೇಳಿಬಿಟ್ಟರೆ ಅವರು ಹುಡುಕುವುದನ್ನೇ ಬಿಡುತ್ತಾರೆ.

ಇನ್ನೊಂದು ಮಾತು: "ಅಬ್ಬಾ, ಎಷ್ಟು ಚೆನ್ನಾಗಿ ಮಾಡಿದಿರಿ!" ಎಂದು ಮಕ್ಕಳಿಗೆ ಹೇಳುವಂತೆ ಪ್ರತಿಯೊಂದಕ್ಕೂ ಚಪ್ಪಾಳೆ ತಟ್ಟಬೇಡಿ. "ಆ ಮೌನ ಹಿಡಿದಿರಲ್ಲ, ಅಣ್ಣ ನಿಂತ. ಈಗ ಇನ್ನೂ ಸ್ವಲ್ಪ ಹಿಡಿಯಿರಿ" ಎನ್ನಿ. ಕೆಲಸ ಮಾಡುವವರಿಗೆ ಸಿಗಬೇಕಾದ ಗೌರವ ಅದು.

ಪ್ರಶ್ನೆ: ದೃಶ್ಯದ ನಡುವೆ ಯಾರಾದರೂ ಅತ್ತುಬಿಟ್ಟರೆ?

ಉತ್ತರ: ಅಳುವುದು ತಪ್ಪಲ್ಲ, ಗಾಬರಿಯಿಂದ ಆಟ ನಿಲ್ಲಿಸಿ ಎಲ್ಲರೂ ಸುತ್ತುವರಿದರೆ ಅವರಿಗೇ ಮುಜುಗರ. ಸಹಾಯಕರು ಪಕ್ಕದಲ್ಲಿ ಕೂರಲಿ, ಬೇಕಾದರೆ ಜತೆಯಲ್ಲಿ ಹೊರಗೆ ಹೋಗಲಿ, ಗುಂಪು ಮುಂದುವರಿಯಲಿ. ಕೈ ಎತ್ತಿದರೆ ಆಟ ಬಿಡಬಹುದು, ಕಾರಣ ಹೇಳಬೇಕಿಲ್ಲ ಎಂಬ ನಿಯಮ ಮೊದಲ ದಿನವೇ ತಿಳಿಸಿ. ಸ್ವಂತ ಬದುಕಿನ ಸಾವುನೋವನ್ನು ಅಭಿನಯಿಸಿ ಎಂದು ನೀವಾಗಿ ಎಂದೂ ಕೇಳಬೇಡಿ. ಕಲ್ಪಿತ ಪಾತ್ರ ಒಂದು ಅಂತರ ಕೊಡುತ್ತದೆ, ಅವರು ತಮಗೆ ಬೇಕಾದಷ್ಟನ್ನು ಅದರೊಳಗೆ ತರುತ್ತಾರೆ. ಕೊನೆಯಲ್ಲಿ ಪಾತ್ರದಿಂದ ಹೊರಬರಲು ಐದು ನಿಮಿಷ ಇಡಿ: ಕೈ ಕೊಡವಿ, ತಮ್ಮ ಹೆಸರು ಹೇಳಿ, ಇಂದು ಮುಂದೆ ಮಾಡಲಿರುವ ಒಂದು ಸಣ್ಣ ಕೆಲಸ ಹೇಳಲಿ.

ಪ್ರಶ್ನೆ: ಮರೆಗುಳಿ ಕಾಯಿಲೆ ಇರುವವರನ್ನು ಸೇರಿಸಬಹುದೇ?

ಉತ್ತರ: ಆರಂಭದ ಹಂತದಲ್ಲಿರುವವರು ಅದೇ ಗುಂಪಿನಲ್ಲಿ ಇರಬಹುದು. ಮುಂದುವರಿದ ಹಂತದವರಿಗೆ ಐದಾರು ಮಂದಿಯ ಬೇರೆ ಗುಂಪು, ನಲವತ್ತೈದು ನಿಮಿಷ. ಇಲ್ಲಿ "ನೆನಪಿದೆಯಾ?" ಎಂಬ ಪ್ರಶ್ನೆಯೇ ತಪ್ಪು, ಅದು ಪರೀಕ್ಷೆಯಾಗುತ್ತದೆ. ಅಮೆರಿಕದ ಆನ್ ಬಾಸ್ಟಿಂಗ್ ಅವರು 1990ರ ದಶಕದಲ್ಲಿ ರೂಪಿಸಿದ ಟೈಮ್‌ಸ್ಲಿಪ್ಸ್ ವಿಧಾನ ನೆನಪನ್ನು ಬಿಟ್ಟು ಕಲ್ಪನೆಯನ್ನು ಹಿಡಿಯುತ್ತದೆ. ವಿಚಿತ್ರವಾದ ಒಂದು ಚಿತ್ರ ತೋರಿಸಿ, "ಇವರ ಹೆಸರೇನಿಡೋಣ? ಎಲ್ಲಿಗೆ ಹೊರಟಿದ್ದಾರೆ?" ಎಂದು ಕೇಳಿ. ಬಂದ ಉತ್ತರವನ್ನು ತಿದ್ದದೆ, ಅವರ ಮಾತಿನಲ್ಲೇ ದೊಡ್ಡ ಹಾಳೆಯಲ್ಲಿ ಬರೆಯಿರಿ. ಒಂದಕ್ಕೊಂದು ಹೊಂದದಿದ್ದರೂ ಸರಿ. ಆಗಾಗ ಕಥೆಯನ್ನು ಮೊದಲಿನಿಂದ ಓದಿ ಹೇಳಿ.

ಪ್ರಶ್ನೆ: ಗುಂಪಿಗೆ ಒಳ್ಳೆಯದಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚ್ಯಂಕವನ್ನು ಮೊದಲ ವಾರ ಮತ್ತು ಕೊನೆಯ ವಾರ ತುಂಬಿಸಿ. ಹಿಂದಿನ ಎರಡು ವಾರ ಹೇಗಿತ್ತು ಎಂಬುದಕ್ಕೆ ಪ್ರತಿ ಪ್ರಶ್ನೆಗೂ 0ಯಿಂದ 5 ಅಂಕ. ಒಟ್ಟನ್ನು 4ರಿಂದ ಗುಣಿಸಿದರೆ 100ಕ್ಕೆ ಲೆಕ್ಕ ಸಿಗುತ್ತದೆ. 10 ಅಂಕದ ಏರಿಕೆಯನ್ನು ಗಮನಾರ್ಹ ಬದಲಾವಣೆ ಎಂದು ಪರಿಗಣಿಸುತ್ತಾರೆ. 50ಕ್ಕಿಂತ ಕೆಳಗಿರುವವರ ಜತೆ ಒಬ್ಬೊಬ್ಬರಾಗಿ ಮಾತಾಡಿ, ವೈದ್ಯರನ್ನು ಕಾಣಲು ಹೇಳಿ. ಖಿನ್ನತೆಗೆ ಚಿಕಿತ್ಸೆಯ ಬದಲಿಗೆ ಕಾರ್ಯಾಗಾರ ನಿಲ್ಲಲಾರದು. ಅಂಕದ ಜತೆ ಹಾಜರಿ ಪುಸ್ತಕವನ್ನೂ ನೋಡಿ. ಸತತ ಎರಡು ಸಲ ಬಾರದವರಿಗೆ ಅಂದೇ ಫೋನ್ ಮಾಡಿ, ಆ ಕೆಲಸವನ್ನು ಗುಂಪಿನಲ್ಲೇ ಒಬ್ಬರಿಗೆ ವಹಿಸಿ.