ಎಡಿಟಿಂಗ್ ಕೆಲಸ ಬಿಡದೆ ಕಾಲೇಜಿನಲ್ಲಿ ಪಾಠ ಮಾಡಬಹುದಾ?

ನೀವು ಮುಂಬೈನ ಅಂಧೇರಿಯಲ್ಲಿ ಜಾಹೀರಾತು ಎಡಿಟರ್. ಒಂದು ಕಾಲೇಜಿನವರು ಮಾಸ್ ಮೀಡಿಯಾ ಮಕ್ಕಳಿಗೆ ಪಾಠ ಮಾಡಿ ಅಂತ ಕರೆದಿದ್ದಾರೆ. ಎರಡನ್ನೂ ನಿಭಾಯಿಸಬಹುದಾ, ಇಲ್ಲ ಪೂರ್ತಿ ಪಾಠದ ಕಡೆಗೇ ಹೋಗಿಬಿಡಲಾ ಅಂತ ಕೇಳಿದ್ದೀರಿ.

ನಿಭಾಯಿಸಬಹುದು. ನಾನೂ ಎಡಿಟರೇ, ಮನೆ ಡೊಂಬಿವಲಿಯಲ್ಲಿ. ಕೆಲವು ವರ್ಷಗಳಿಂದ ವಿಸಿಟಿಂಗ್ ಲೆಕ್ಚರರ್ ಆಗಿ, ಅಂದರೆ ಕಾಯಂ ಅಲ್ಲದೆ ಲೆಕ್ಚರಿನ ಲೆಕ್ಕದಲ್ಲಿ, ಪಾಠವನ್ನೂ ಮಾಡುತ್ತಿದ್ದೇನೆ. ಎಲ್ಲರೂ ವಾರಕ್ಕೆ ಎಷ್ಟು ಗಂಟೆ ಅಂತ ಲೆಕ್ಕ ಹಾಕುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮುಖ್ಯ, ಆ ಗಂಟೆ ದಿನದ ಯಾವ ಹೊತ್ತಿಗೆ ಬೀಳುತ್ತದೆ ಅನ್ನುವುದು. ನಮ್ಮ ಕ್ಲೈಂಟ್ ಸಂಜೆ ಆರಕ್ಕೆ ‘ಚಿಕ್ಕ ಚೇಂಜ್ ಇದೆ’ ಅಂತಾನೆ, ಅದು ರಾತ್ರಿ ಎರಡಕ್ಕೆ ಮುಗಿಯುತ್ತದೆ. ಆದರೆ ಬೆಳಿಗ್ಗೆ ಹತ್ತಕ್ಕೆ ಮೊದಲು ಎಡಿಟ್ ಸ್ಟುಡಿಯೋದಲ್ಲಿ ಯಾರೂ ನಿಮ್ಮನ್ನು ಹುಡುಕುವುದಿಲ್ಲ. ಹಾಗಾಗಿ ಬೆಳಗಿನ ಮೊದಲ ಎರಡು ಲೆಕ್ಚರ್ ಕೇಳಿ. ನಿದ್ದೆ ಕೆಡುತ್ತದೆ ನಿಜ, ಆದರೆ ಕೆಲಸ ಕೆಡುವುದಿಲ್ಲ.

ಕಾಲೇಜು ದಾರಿಯಲ್ಲೇ ಇದ್ದರೆ ಇನ್ನೂ ಒಳ್ಳೆಯದು. ನಾನು ಘಾಟ್ಕೋಪರ್‌ವರೆಗೆ ಲೋಕಲ್‌ನಲ್ಲಿ ಬಂದು, ಅಲ್ಲೇ ಪಾಠ ಮುಗಿಸಿ, ಅಂಧೇರಿ ಕಡೆ ಹೋಗುವ ವರ್ಸೋವಾ ಮೆಟ್ರೋ ಹತ್ತುತ್ತೇನೆ. ಆ ಲೈನ್ 2014ರಲ್ಲಿ ಶುರುವಾಗದಿದ್ದರೆ ನಾನಂತೂ ಈ ಸಾಹಸಕ್ಕೆ ಇಳಿಯುತ್ತಿರಲಿಲ್ಲ.

ಒಂದು ಕಾಲ ಮಾತ್ರ ಕಷ್ಟ. ಗಣಪತಿಯಿಂದ ದೀಪಾವಳಿವರೆಗೆ ಜಾಹೀರಾತಿನವರಿಗೆ ಉಸಿರಾಡಲೂ ಪುರುಸೊತ್ತಿಲ್ಲ ಅಂತ ನಿಮಗೇ ಗೊತ್ತು. ಕಾಲೇಜಿನ ಮೊದಲ ಸೆಮಿಸ್ಟರಿನ ಇಂಟರ್ನಲ್ಸ್, ಪ್ರಾಜೆಕ್ಟ್, ಪರೀಕ್ಷೆ ಕೂಡ ಆಗಲೇ. ಅದಕ್ಕೇ ನಾನು ಪ್ರಾಜೆಕ್ಟ್ ಅನ್ನು ಆಗಸ್ಟ್‌ನಲ್ಲೇ ಕೊಟ್ಟು, ಅವರ ಎಡಿಟ್ ಅನ್ನು ಕ್ಲಾಸಿನಲ್ಲೇ ಎಲ್ಲರೆದುರು ನೋಡಿ ಮಾರ್ಕ್ಸ್ ಹಾಕುತ್ತೇನೆ. ಮನೆಗೆ ಒಯ್ದರೆ ಮುಗಿಯುವ ಮಾತಲ್ಲ.

ಇನ್ನೊಂದು ವಿಷಯ. ಕ್ಲೈಂಟಿನ ಫುಟೇಜ್ ಅನ್ನು ಕ್ಲಾಸಿಗೆ ಒಯ್ಯಬೇಡಿ, ಹಳೆಯದಾದರೂ ಬೇಡ. ಹೊರಗೆ ತೋರಿಸುವುದಿಲ್ಲ ಅಂತ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಲ್ವಾ? ನಾನು ಮಾಟುಂಗಾ ಹೂವಿನ ಗಲ್ಲಿಯಲ್ಲಿ ಒಬ್ಬರು ಹಾರ ಕಟ್ಟುವುದನ್ನು ಅವರನ್ನು ಕೇಳಿ ಫೋನಿನಲ್ಲೇ ಶೂಟ್ ಮಾಡಿದೆ. ಪ್ರತಿ ಬ್ಯಾಚಿಗೂ ಅದೇ ರಶಸ್, ಅಂದರೆ ಎಡಿಟ್ ಆಗದ ಕಚ್ಚಾ ಫುಟೇಜ್. ಹೆಚ್ಚಿನವರು ಬೆರಳು ದಾರ ಸುತ್ತುತ್ತಿದ್ದ ಹಾಗೇ ಮುಖಕ್ಕೆ ಕಟ್ ಮಾಡಿಬಿಡುತ್ತಾರೆ. ಗಂಟು ಬಿಗಿಯುವವರೆಗೆ ಬಿಡಿ, ಇನ್ನೊಂದು ಎಂಟು ಫ್ರೇಮ್ ಅಷ್ಟೇ ಅಂತೀನಿ. ಸೆಕೆಂಡಿಗೆ 25 ಫ್ರೇಮ್ ಇರುವಾಗ ಎಂಟು ಎಷ್ಟಾಯಿತು? ಸೆಕೆಂಡಿನ ಮೂರನೇ ಒಂದು ಭಾಗವೂ ಇಲ್ಲ. ಆದರೆ ಆಗ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ, ಮೊದಲಿನದರಲ್ಲಿ ಏನೋ ಅರ್ಧಕ್ಕೇ ನಿಂತಿತ್ತು ಅಂತ. ಇದನ್ನು ಬಾಯಲ್ಲಿ ಹೇಳಿ ವಿವರಿಸಬೇಕಾಗಿ ಬಂದ ಮೇಲೆ ಸ್ಟುಡಿಯೋದಲ್ಲಿ ಡೈರೆಕ್ಟರ್ ಜೊತೆ ನನ್ನ ವಾದವೂ ಚೆನ್ನಾಗಿದೆ.

ದುಡ್ಡು? ಲೆಕ್ಚರಿಗೆ ಇಷ್ಟು ಅಂತ, ಟಿಡಿಎಸ್ ತೆರಿಗೆ ಹಿಡಿದು ಕೊಡುತ್ತಾರೆ. ಬರುವುದು ತಡ. ಹಾಜರಿ ಮಸ್ಟರ್‌ನಲ್ಲಿ ಸಹಿ ಹಾಕಿದ್ದನ್ನು ನಿಮ್ಮ ಡೈರಿಯಲ್ಲೂ ಬರೆದಿಟ್ಟುಕೊಳ್ಳಿ. ಮನೆ ಬಾಡಿಗೆಯನ್ನು ಇದರ ಮೇಲೆ ನಿಲ್ಲಿಸಬೇಡಿ.

ಪೂರ್ತಿ ಹೋಗುವ ಯೋಚನೆ ಇದ್ದರೆ ಸ್ವಲ್ಪ ತಾಳಿ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ನೆಟ್ ಅಥವಾ ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಂತೆ ವಾರಕ್ಕೆ 40 ಗಂಟೆ ಕೆಲಸ, ಅದರಲ್ಲಿ 16 ಗಂಟೆ ಬರೀ ಪಾಠ. ಜೊತೆಗೆ ಕಮಿಟಿ, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗೆ ಫೈಲು ಎಲ್ಲ ಇದ್ದದ್ದೇ. ಹೊರಗಿನ ಎಡಿಟ್‌ಗೆ ಅನುಮತಿ ಕೇಳುತ್ತಾ ಕೂರಬೇಕು. ಎಡಿಟಿಂಗ್ ಸಾಕಾಗಿದೆ ಅಂದರೆ ಮಾತ್ರ ಆ ಕಡೆ ನೋಡಿ.

2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಅಂತ ಒಂದು ದಾರಿ ತೆರೆದಿದೆ. ಪಿಎಚ್‌ಡಿ ಬೇಡ, ಆದರೆ ನಿಮ್ಮ ಕ್ಷೇತ್ರದಲ್ಲಿ ಕನಿಷ್ಠ 15 ವರ್ಷ ದುಡಿದಿರಬೇಕು. ಅದೂ ಕಾಯಂ ಅಲ್ಲ, ಹೆಚ್ಚೆಂದರೆ ಮೂರು ವರ್ಷ, ಅಪರೂಪಕ್ಕೆ ನಾಲ್ಕು. ಮುಂದೊಂದು ದಿನಕ್ಕೆ ತಲೆಯಲ್ಲಿರಲಿ.

ಈಗ ವಿಸಿಟಿಂಗ್‌ಗೇ ಒಪ್ಪಿಕೊಳ್ಳಿ. ಆದರೆ ಹೂಂ ಅನ್ನುವ ಮೊದಲು ಟೈಮ್‌ಟೇಬಲ್ ಬರೆಯುವ ಮೇಷ್ಟ್ರು ಯಾರು ಅಂತ ವಿಚಾರಿಸಿ, ಕಾಲೇಜು ಶುರುವಾಗುವ ಮುಂಚೆಯೇ ಅವರನ್ನು ಹೋಗಿ ಕಾಣಿ. ಆಮೇಲೆ ಪ್ರಿನ್ಸಿಪಾಲರಿಗೆ ಹೇಳಿದರೂ ಸ್ಲಾಟ್ ಬದಲಾಗುವುದು ಕಷ್ಟ.