ರಜೆಯಲ್ಲಿ ಬಂದ ಜ್ವರಕ್ಕೂ ಲೆಕ್ಕ ಬೇಕು

ಪ್ರಶ್ನೆ: ನನ್ನ ಮಗ ಅಸ್ಸಾಮಿನಲ್ಲಿ ಸಿಪಾಯಿ. ರಜೆಗೆ ಬಂದ ಎಂಟನೆಯ ದಿನ ಚಳಿಜ್ವರ ಹತ್ತಿತು. ರಕ್ತ ಪರೀಕ್ಷೆಯಲ್ಲಿ ಮಲೇರಿಯಾ ಎಂದು ಬಂತು. ಊರಿನ ಡಾಕ್ಟರ ಮಾತ್ರೆಯಿಂದ ಗುಣವಾಗಿದ್ದಾನೆ. ಆ ಚೀಟಿಯನ್ನು ಪಲ್ಟನ್ನಿನಲ್ಲಿ ತೋರಿಸಬೇಕೆ? ಅವನ ನೌಕರಿಗೆ ತೊಂದರೆಯಾದೀತೆಂದು ಹೆದರಿಕೆ.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ತೋರಿಸಲೇಬೇಕು ತಾಯಿ. ಇಂದೇ ಫೋನಿನಲ್ಲೂ ತಿಳಿಸಲಿ. ಮಲೇರಿಯಾ ಬಂದು ಹೋದದ್ದಕ್ಕೆ ಯಾರ ನೌಕರಿಗೂ ಕುತ್ತು ಬಂದದ್ದನ್ನು ನಾನು ಕಂಡಿಲ್ಲ.

ಈಶಾನ್ಯದ ಕಾಡಂಚಿನಲ್ಲಿ ನಾನು ಪಲ್ಟನ್ನಿನ ಡಾಕ್ಟರಾಗಿದ್ದೆ. ಬೆಳಗ್ಗೆ ಎಂಐ ರೂಮಿನ (ಪಲ್ಟನ್ನಿನ ವೈದ್ಯಕೀಯ ತಪಾಸಣೆಯ ಕೋಣೆ) ಮುಂದೆ ಸಿಕ್ ರಿಪೋರ್ಟಿಗೆ, ಅಂದರೆ ಮೈ ಸರಿಯಿಲ್ಲವೆಂದು ಹೇಳಲು, ನಿಂತವರ ಕಂಪನಿ (ಪಲ್ಟನ್ನಿನ ತುಕಡಿ), ಜ್ವರ ಶುರುವಾದ ದಿನ, ಹಿಂದಿನ ಎರಡು ವಾರ ಮಲಗಿದ್ದ ಜಾಗ, ಇಷ್ಟನ್ನೂ ರಿಜಿಸ್ಟರಿಗೆ ಏರಿಸುತ್ತಿದ್ದೆವು. ಒಂದೇ ಜಾಗದಿಂದ ಇಬ್ಬರು ಬಂದರೆ ಅಲ್ಲಿಗೆ ಹೊರಡುತ್ತಿದ್ದೆ. ಒಂದು ಮಳೆಗಾಲ ಹಳ್ಳದ ದಂಡೆಯ ಬಿದಿರು ಗುಡಿಸಲಿನ ಠಾಣೆಯಿಂದ ಮೂವರು ಒಂದೇ ವಾರದಲ್ಲಿ ಫಾಲ್ಸಿಪಾರಂ ಎಂಬ ಅಪಾಯದ ಬಗೆಯ ಮಲೇರಿಯಾ ಹಿಡಿದು ಮಲಗಿದರು. ಒಬ್ಬನ ಮಿದುಳಿಗೇರಿತು, ಎರಡು ದಿನ ಅವನಿಗೆ ಪ್ರಜ್ಞೆ ಇರಲಿಲ್ಲ. ಉಳಿದುಕೊಂಡ, ದೇವರ ದಯೆ.

ಆಮೇಲೆ ರಜೆ ಮುಗಿಸಿ ಬಂದ ಹುಡುಗನೊಬ್ಬ ಅಂಗಿಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆದ. ಬೆವರಿಗೆ ಶಾಯಿ ಹರಡಿ, ರೋಗದ ಹೆಸರೂ ತಾರೀಖೂ ಮಾತ್ರ ಓದಲು ಬರುತ್ತಿದ್ದವು. ಅದೇ ಗುಡಿಸಲಿನಲ್ಲಿದ್ದವನು, ಅದೇ ರೋಗ, ಮೂವರಿಗಿಂತ ಇಪ್ಪತ್ತೆರಡು ದಿನ ಮೊದಲು. ಆ ಸುದ್ದಿ ಅಂದೇ ಮುಟ್ಟಿದ್ದರೆ ಠಾಣೆಯನ್ನು ಹಳ್ಳದಿಂದ ದೂರ ಎತ್ತರಕ್ಕೆ ಸಾಗಿಸುತ್ತಿದ್ದೆವು. ಇಂದಿಗೂ ಅದು ನನ್ನನ್ನು ಕಾಡುತ್ತದೆ. ಮರುದಿನವೇ ರಿಜಿಸ್ಟರಿನಲ್ಲಿ ಕೆಂಪು ಗೆರೆ ಎಳೆದು ‘ರಜೆಯಲ್ಲಿ ಬಂದ ಜ್ವರ’ ಎಂಬ ಅಂಕಣ ಸೇರಿಸಿದೆ. ರಜೆಯಿಂದ ಮರಳಿದ ಪ್ರತಿಯೊಬ್ಬನನ್ನೂ ಕೇಳದೆ ಬಿಡುತ್ತಿರಲಿಲ್ಲ.

ನಿಮ್ಮೂರಿನಲ್ಲೂ ಲೆಕ್ಕವಿದೆ. ಯಾವ ಊರಿನಲ್ಲಿ ಯಾವ ರೋಗ ಎಂದು ಲೆಕ್ಕವಿಡುವ ಸಮಗ್ರ ರೋಗ ಕಣ್ಗಾವಲು ಯೋಜನೆ 2004ರಿಂದ ದೇಶದಲ್ಲಿ ನಡೆಯುತ್ತಿದೆ. ಆದರೆ ಮಗ ಎಲ್ಲಿಂದ ಬಂದನೆಂದು ಹೇಳದಿದ್ದರೆ ಅವನು ಅರಸೀಕೆರೆಯ ರೋಗಿಯಾಗುತ್ತಾನೆ. ಆರೋಗ್ಯ ಸಿಬ್ಬಂದಿ ನಿಮ್ಮ ಬೀದಿಯ ಚರಂಡಿಯಲ್ಲಿ ಸೊಳ್ಳೆ ಹುಡುಕುತ್ತಾರೆ. ಕಚ್ಚಿದ ಸೊಳ್ಳೆ ಇರುವುದು ಅಸ್ಸಾಮಿನಲ್ಲಿ, ಅವನ ಜೊತೆಗಾರರು ಇನ್ನೂ ಮಲಗುವ ಜಾಗದಲ್ಲಿ. ಸೇನೆಯ ಪುಸ್ತಕ ಬೇರೆ, ಊರಿನ ಪುಸ್ತಕ ಬೇರೆ. ಎರಡನ್ನೂ ಬೆಸೆಯುವ ದಾರಿ ಗಟ್ಟಿಯಾಗಬೇಕು. ಅಲ್ಲಿಯವರೆಗೆ ನಿಮ್ಮ ಮಗನ ಜೇಬಿನ ಚೀಟಿಯೇ ಸೇತುವೆ.

ಚೀಟಿಯಲ್ಲಿ ಯಾವ ಬಗೆಯ ಮಲೇರಿಯಾ ಎಂದು ಬರೆದಿದೆಯೇ ನೋಡಿ. ವೈವಾಕ್ಸ್ ಆಗಿದ್ದರೆ ಅದು ಯಕೃತ್ತಿನಲ್ಲಿ ಅಡಗಿದ್ದು ತಿಂಗಳುಗಳ ಮೇಲೂ ಮರುಕಳಿಸಬಹುದು. ಅದಕ್ಕೆ 14 ದಿನ ಪ್ರೈಮಾಕ್ವಿನ್ ಎಂಬ ಮಾತ್ರೆ ಕೊಡುವುದು ರೂಢಿ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದ್ದರೆ ಡಾಕ್ಟರಿಗೆ ಹೇಳಿ. ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಮನೆಯಲ್ಲಿ ಇನ್ನಾರಿಗಾದರೂ ಈ ತಿಂಗಳು ಜ್ವರ ಬಂದರೆ ಅವರ ರಕ್ತವನ್ನೂ ತಪ್ಪದೆ ಪರೀಕ್ಷೆ ಮಾಡಿಸಿ.